ಸೋತ ಕಾಳಗಕ್ಕೊಂದು ಫಲಕವನ್ನು ಬೇಡಿ

ರಸ್ತೆಯ ಅಂಚಿನಲ್ಲಿ ಇತಿಹಾಸವನ್ನು ನೆಡಿಸುವ ಅಧಿಕಾರವುಳ್ಳ ಮಹನೀಯರ ಸನ್ನಿಧಿಗೆ ಬೆಳ್ಳೂರಿನ ನಿವಾಸಿಯೊಬ್ಬನ ವಿಜ್ಞಾಪನೆ.

ಬೆಳ್ಳೂರಿನಿಂದ ನಾಗಮಂಗಲ, ನಾಗಮಂಗಲದಿಂದ ಪಾಂಡವಪುರ, ಅಲ್ಲಿಂದ ಚಿನಕುರಳಿ ಎಂದು ಬಸ್ಸಿನಿಂದ ಬಸ್ಸಿಗೆ ವರ್ಗವಾಗುತ್ತ ಹೋಗಿ, ಮೇಲುಕೋಟೆಯಿಂದ ರಾತ್ರೋರಾತ್ರಿ ಶ್ರೀರಂಗಪಟ್ಟಣದ ಕಡೆಗೆ ಸರಿಯುತ್ತಿದ್ದ ಹೈದರಾಲಿಯ ಸೇನೆಯನ್ನು ತ್ರ್ಯಂಬಕರಾಯನ ಮರಾಠರು 1771ರ ಮಾರ್ಚ್ 5ರಂದು ಧೂಳೀಪಟ ಮಾಡಿದ ನೆಲವೆಲ್ಲಿ ಎಂದು ವಿಚಾರಿಸಿದ ನನಗೆ, ಅಲ್ಲಿನ ಜನ ಬಹು ಆದರದಿಂದ ಆಲೆಮನೆಯ ದಾರಿಯನ್ನು ತೋರಿಸಿದರು. ಅವರನ್ನು ದೂರಲಾರೆ. ರಸ್ತೆಯುಬ್ಬಿನ ಎಚ್ಚರಿಕೆಯಿಂದ ಹಿಡಿದು ಹುಟ್ಟುಹಬ್ಬದ ಶುಭಾಶಯದವರೆಗೆ ಸಕಲ ವಾಙ್ಮಯವನ್ನೂ ಪಾರಾಯಣ ಮಾಡುತ್ತ ನಡೆದ ನನ್ನ ಕಣ್ಣಿಗೂ ಕಾಳಗದ ಸುದ್ದಿ ಹೇಳುವ ಒಂದು ಕಲ್ಲು ಬೀಳಲಿಲ್ಲ. ಬಳಿಕ ಒಂದು ಕಚೇರಿಯನ್ನು ಹೊಕ್ಕು, ಊಟದ ವೇಳೆ ಕಳೆದು ಚಹಾದ ವೇಳೆ ಬರುವವರೆಗೂ ಬೆಂಚಿನ ಮೇಲೆ ಪ್ರತಿಷ್ಠಾಪಿತನಾಗಿದ್ದ ನನ್ನನ್ನು ಕರೆದು, ಗುಮಾಸ್ತರು ಅರ್ಜಿಯ ಮೇಲೆ ಕಣ್ಣಾಡಿಸಿ, "ಗೆದ್ದವರು ಯಾರ ಕಡೆಯವರು?" ಎಂದರು. "ನಮ್ಮ ಕಡೆಯವರಲ್ಲ" ಎಂದೆ. ಅರ್ಜಿ ನನ್ನ ಕೈಗೇ ಹಿಂದಿರುಗಿತು.

ಶ್ರೀರಂಗಪಟ್ಟಣಕ್ಕೆ ಈ ದಾರಿದ್ರ್ಯವಿಲ್ಲ. 1799ರ ಮೇ 4ರಂದು ಇಂಗ್ಲಿಷರು ನುಗ್ಗಿದ ಕೋಟೆಯ ಬಿರುಕಿನ ಬಳಿ ಮೈಸೂರು ಸರ್ಕಾರವೇ 1907ರಲ್ಲಿ ಎತ್ತಿಸಿದ ಸ್ತಂಭದ ಮೇಲೆ ಮುತ್ತಿಗೆಯಲ್ಲಿ ಮಡಿದ ಇಂಗ್ಲಿಷ್ ಅಧಿಕಾರಿಗಳ ನಾಮಾವಳಿಯುಂಟು. ಟಿಪ್ಪುವಿನ ದೇಹ ದೊರೆತ ಜಾಗಕ್ಕೂ ಕಲ್ಲುಂಟು. ಸೆರೆಯಲ್ಲಿ ಸತ್ತ ಕರ್ನಲ್ ಬೈಲಿಯ ಹೆಸರಿನಲ್ಲಿ ನೆಲಮಾಳಿಗೆಯೇ ಉಂಟು. ಅಲ್ಲಿ ಗೆದ್ದವರು ನೂರೈವತ್ತು ವರ್ಷ ಇಲ್ಲಿಯೇ ಇದ್ದು ತಮ್ಮ ಲೆಕ್ಕವನ್ನು ಕಲ್ಲಿಗೇರಿಸುವಷ್ಟು ವ್ಯವಧಾನವುಳ್ಳವರಾಗಿದ್ದರು. ಚಿನಕುರಳಿಯಲ್ಲಿ ಗೆದ್ದವರೋ, ಮರುವರ್ಷದ ಸಂಧಿಯ ಹಣವನ್ನು ಕಟ್ಟಿಸಿಕೊಂಡು ಊರಿಗೆ ಹೊರಟವರು.

ನಮ್ಮ ಕಡೆಯವರಲ್ಲ ನಿಜ. ಆದರೆ ಫಲಕವಿಲ್ಲದಿರುವುದಕ್ಕೆ ಅದೊಂದೇ ಕಾರಣವೆಂದು ನಾನು ನಂಬುವವನಲ್ಲ. ಈ ಕಾಳಗ ಇಂದು ಯಾರ ಭಾಷಣಕ್ಕೂ ಒದಗದು. ಹೈದರನನ್ನು ಹೊಗಳುವವರಿಗೆ ಅವನು ಸೈನ್ಯವನ್ನೂ ಫಿರಂಗಿಗಳನ್ನೂ ಬಿಟ್ಟು ಕುದುರೆಯೇರಿ ಪಟ್ಟಣ ಸೇರಿದ ಸಂಗತಿ ಹಿತವಾಗದು. ಆ ದಿನ ಮದ್ಯದ ಅಮಲಿನಲ್ಲಿ ಮಗ ಟಿಪ್ಪುವನ್ನೇ ಬೆತ್ತದಿಂದ ಥಳಿಸಿದನೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿರುವುದಂತೂ ಇನ್ನೂ ಅಹಿತ. ಹೈದರನನ್ನು ಹಳಿಯುವವರು ಬಹು ಉತ್ಸಾಹದಿಂದ ಮುಂದೆ ಬಂದು, ಗೆದ್ದವರು ಅನಂತರ ಮೇಲುಕೋಟೆಗೆ ನುಗ್ಗಿ ಸುಲಿದರೆಂದೂ, ತೇರುಗಳ ಕಬ್ಬಿಣದ ಆಸೆಗೆ ತೇರುಗಳಿಗೇ ಕಿಚ್ಚಿಟ್ಟರೆಂದೂ ಕೇಳಿದೊಡನೆ, ಅಷ್ಟೇ ಉತ್ಸಾಹದಿಂದ ಹಿಂದೆ ಸರಿಯುವರು. ಚೆಲುವನಾರಾಯಣನ ತೇರನ್ನು ಸುಟ್ಟವರು ಯಾರ ಕಡೆಯವರು? ನಿಮ್ಮ ಗುಮಾಸ್ತರನ್ನು ಕೇಳಿ ತಿಳಿಸುವ ಕೃಪೆ ಮಾಡಬೇಕು.

ಇನ್ನು ವಿನಯ ಸಾಕು. ಅಂದು ಆ ಹೊಲಗಳಲ್ಲಿ ಬಿದ್ದವರಿಗೆ ಕಡೆಯೆಂಬುದು ಕೂಲಿ ಕೊಡುವ ಕೈಯ ಕಡೆಯಷ್ಟೆ. ಅವರ ನಾಮಾವಳಿಯನ್ನು ಯಾರೂ ಬರೆದಿಡಲಿಲ್ಲ. ಅವರು ಸತ್ತ ಜಾಗದ ಹೆಸರನ್ನಾದರೂ ಬರೆಯಿರಿ ಎಂದರೆ ಅದಕ್ಕೂ ಕಡೆ ಕೇಳುತ್ತೀರಿ. ನಾಚಿಕೆಯಾಗಬೇಕು.

ಫಲಕದ ಪಾಠವನ್ನು ನಾನೇ ಸಿದ್ಧಪಡಿಸಿ ಲಗತ್ತಿಸಿದ್ದೇನೆ: ದಿನಾಂಕ, ಕಾದಿದವರು, ಸೋತವರು, ಆಮೇಲೆ ಸುಟ್ಟದ್ದು, ಒಟ್ಟು ನಾಲ್ಕು ಸಾಲು, ವಿಶೇಷಣಗಳಿಲ್ಲ. ಸ್ಥಳಾಭಾವವಾದರೆ ಮೊದಲು ಬಿಡಬೇಕಾದದ್ದು ಉದ್ಘಾಟಕರ ಹೆಸರು. ಅದಿಲ್ಲದೆ ಅನುದಾನ ಬಾರದೆಂದಾದರೆ ಕಲ್ಲಿನ ಹಿಂಬದಿಯಲ್ಲಿ, ಕಬ್ಬಿನ ಗದ್ದೆಯ ಕಡೆಗೆ ಮುಖ ಮಾಡಿ, ಎಷ್ಟು ದೊಡ್ಡ ಅಕ್ಷರದಲ್ಲಾದರೂ ಕೆತ್ತಿಸಿಕೊಳ್ಳಬಹುದು, ನನ್ನ ಆಕ್ಷೇಪಣೆಯಿಲ್ಲ.

ಇತಿ,
ನಿಮ್ಮ ಕಡೆಯವನಲ್ಲದ,
ಬೆಳ್ಳೂರಿನ ಅರ್ಜಿದಾರ