ಕಡಲ ತಡಿಯಲ್ಲೊಂದು ಇಎಂಐ

ಬೆಳ್ಳಂದೂರಿನವರಿಗೆ ಸಮುದ್ರದ ಹುಚ್ಚು ಯಾಕೆ ಹಿಡಿಯಿತೋ, ನನಗಂತೂ ಬಗೆಹರಿದಿಲ್ಲ. ಇಲ್ಲೇನು ಕಮ್ಮಿ ಹೇಳಿ? 2015ರ ಮೇ ತಿಂಗಳಲ್ಲಿ ನಮ್ಮ ಕೆರೆಯ ನೊರೆಗೆ ಬೆಂಕಿಯೇ ಹತ್ತಿಕೊಂಡಿತು. ಅಂಥ ಪವಾಡ ಅರಬ್ಬೀ ಸಮುದ್ರಕ್ಕೆ ಇವತ್ತಿಗೂ ಕೈಗೂಡಿಲ್ಲ. 2022ರ ಸೆಪ್ಟೆಂಬರ್ ಮಳೆಗೆ ಔಟರ್ ರಿಂಗ್ ರೋಡೇ ಹೊಳೆಯಾಗಿ, ಇಂಜಿನಿಯರುಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಇಷ್ಟಾದರೂ ತಣಿದಿಲ್ಲ. ಲಿಫ್ಟಿನಲ್ಲಿ ಸಿಕ್ಕವರು ಕೇಳುವುದು ಒಂದೇ: “ಗೋಕರ್ಣದ ಕಡೆ ಸೈಟು ಏನಾದ್ರೂ ಇದ್ಯಾ ಸಾರ್?”

ಆಸೆ ತಪ್ಪಲ್ಲ ಬಿಡಿ. ಸೋಮವಾರದ ಮೀಟಿಂಗಿನಲ್ಲಿ “ವೀಕೆಂಡು ನಮ್ಮ ಬೀಚ್ ಹೌಸಲ್ಲಿದ್ದೆ” ಅನ್ನುವಾಗ ಸಿಗುವ ಸುಖ ಬೀಚಿನಲ್ಲೂ ಸಿಗುವುದಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲಂತೂ ನೇಗಿಲ ಮುಖ ನೋಡದವರೂ ಕೃಷಿ ಜಮೀನು ಕೊಳ್ಳಬಹುದು. ಕೊಳ್ಳುವುದಷ್ಟೇ ಸಲೀಸು. ಮನೆ ಕಟ್ಟಲು ಭೂಪರಿವರ್ತನೆ ಆಗಬೇಕು, ಅದಾದ ಮೇಲೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಎಂಬ ಬೇತಾಳ. ಹಳ್ಳಿಗಾಡಿನ ಕರಾವಳಿಯಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಏಳುವಂತಿಲ್ಲ. ಜನ ದಟ್ಟವಾಗಿರುವಲ್ಲಿ ಮಾತ್ರ 2019ರ ಅಧಿಸೂಚನೆ ಅದನ್ನು 50 ಮೀಟರಿಗೆ ಇಳಿಸಿತು. ಅಂದರೆ “ಅಲೆ ಬಂದು ಕಾಲು ತೊಳೆಯುತ್ತೆ ಸಾರ್” ಎಂದು ಬ್ರೋಕರು ತೋರಿಸುವ ಸೈಟಿದೆಯಲ್ಲ, ಅಲ್ಲಿ ನೀವು ಕಾಲು ತೊಳೆದುಕೊಂಡು ವಾಪಸು ಬರಬಹುದು, ಅಷ್ಟೆ.

“ಹಾಗಾದ್ರೆ ಚಕ್ರದ ಮನೇನೇ ತಗೋತೀನಿ” ಅನ್ನುವವರೂ ಇದ್ದಾರೆ. ಬ್ರಿಟನ್ನಿನ ಕಡಲತೀರದಲ್ಲಿ ಅಂಥವು ಸಾಲುಸಾಲಾಗಿ ನಿಂತಿವೆ. ಮನೆ ನಿಮ್ಮದು, ನೆಲ ಪಾರ್ಕಿನವನದು. ವರ್ಷವರ್ಷ ಜಾಗದ ಬಾಡಿಗೆ ತೆರಬೇಕು. ಕೆಲವು ಕಡೆ ಚಳಿಗಾಲಕ್ಕೆ ಗೇಟಿಗೇ ಬೀಗ. ಹತ್ತಾರು ವರ್ಷ ಕಳೆದರೆ “ಹಳೇದಾಯ್ತು, ಎತ್ತಿಕೊಂಡು ಹೋಗಿ” ಅಂತಾರೆ. ನಮ್ಮಲ್ಲಿ ಅಷ್ಟು ದೂರ ಯೋಚಿಸುವುದೇ ಬೇಡ. ಅಪಾರ್ಟ್‌ಮೆಂಟಿಗೆ ತಂದು ಇಳಿಸುವಾಗ ಕ್ಯಾರವಾನು ಬೇಸ್‌ಮೆಂಟಿನ ತೊಲೆಗೆ ತಲೆ ಬಡಿದುಕೊಂಡು ಇಳಿಜಾರಿನಲ್ಲೇ ನಿಂತರೆ ಅಸೋಸಿಯೇಷನ್ ವಾಟ್ಸಾಪ್ ಗುಂಪಿನಲ್ಲಿ ನಿಮ್ಮ ಮಾನ ಹರಾಜು. ಇಳಿಸದೆ ಹೊರಟರೂ, ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವಷ್ಟರಲ್ಲಿ ಒಳಗೇ ಅಡುಗೆ ಮಾಡಿ, ಉಂಡು, ಒಂದು ನಿದ್ದೆ ತೆಗೆಯಬಹುದು. ಅದೊಂದು ಲಾಭ ಒಪ್ಪಿದೆ.

ಈಗ ಲೆಕ್ಕಕ್ಕೆ ಬನ್ನಿ. ಕಾಯ್ದೆಗಳನ್ನೆಲ್ಲ ದಾಟಿ, 60 ಲಕ್ಷ ಸಾಲ ಎತ್ತಿ ಮನೆ ಮಾಡಿದಿರಿ ಅನ್ನೋಣ. ಶೇಕಡಾ 9ರ ಬಡ್ಡಿ, 20 ವರ್ಷ: ತಿಂಗಳ ಕಂತು ಸುಮಾರು 54,000. ರಜೆ ಸಿಕ್ಕಿ, ಮಕ್ಕಳ ಪರೀಕ್ಷೆ ಮುಗಿದು, ಪ್ರೊಡಕ್ಷನ್ ಸರ್ವರ್ ಕೆಡದೆ ವರ್ಷಕ್ಕೆ 12 ರಾತ್ರಿ ಅಲ್ಲಿ ಮಲಗಿದರೆ ಒಂದು ರಾತ್ರಿಯ ನಿದ್ದೆಗೆ 54,000! ಅಷ್ಟು ಕೊಟ್ಟ ಮೇಲೆ ನಿದ್ದೆಯಾದರೂ ಹೇಗೆ ಬಂದೀತು?

ಮಿಕ್ಕ ರಾತ್ರಿ ಮಲಗುವುದು ಉಪ್ಪುಗಾಳಿ. ಕಿಟಕಿ ಸರಳು, ಗೇಟಿನ ಕೀಲು, ಎಸಿಯ ಹೊರಗಿನ ಪೆಟ್ಟಿಗೆ ಎಲ್ಲವನ್ನೂ ಅದು ನಿಧಾನವಾಗಿ ಮೇಯುತ್ತದೆ. ಜೂನ್ ಬಂತೆಂದರೆ ಗೋಡೆಗೆ ಪಾಚಿ, ಹಾಸಿಗೆಗೆ ಬೂಷ್ಟು, ಮರಕ್ಕೆ ಒರಲೆ. ನೀವು ನೋಡಿಬರೋಣವೆಂದು ಹೊರಟರೆ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದಿರುತ್ತದೆ. ಬೆಂಗಳೂರಲ್ಲಿ ಮೀಟಿಂಗಿನ ನಡುವೆ ಫೋನು ಬರುತ್ತದೆ: “ಪಂಪು ಹೋಯ್ತು ಮಾರಾಯ್ರೇ, ಎಂಟು ಸಾವಿರ ಹಾಕಿ.” ಹಾಕುತ್ತೀರಿ. ಮನೆ ಕಾಯುವವನು ನಿಮ್ಮ ಜಗಲಿಯಲ್ಲಿ ಕೂತು ದಿನಾ ಸೂರ್ಯಾಸ್ತ ನೋಡುತ್ತಾನೆ. ಅದರ ಫೋಟೋ ನಿಮಗೂ ಕಳಿಸುತ್ತಾನೆ, ಪಾಪ.

ನನ್ನ ತೀರ್ಪು ಕೇಳಿದರೆ, ಪಂಚಗಂಗಾ ರೈಲಿಗೆ ಟಿಕೆಟ್ ತೆಗೆಸಿ, ಎರಡು ರಾತ್ರಿ ಹೋಮ್‌ಸ್ಟೇಯಲ್ಲಿದ್ದು, ಬಂಗಡೆ ಪುಳಿಮುಂಚಿ ಉಂಡು ಬನ್ನಿ. ಇಲ್ಲ, ಕೊಂಡೇ ತೀರುತ್ತೀರಾ? ಹಾಗಾದರೆ ಜಾಗವನ್ನು ಡಿಸೆಂಬರಿನಲ್ಲಿ ನೋಡಬೇಡಿ, ಜುಲೈಯಲ್ಲಿ ನೋಡಿ. ಬೀಗದ ಕೈ ಇನ್ನೊಂದು ಮಾಡಿಸಿ ನನಗೆ ಕೊಡಿ; ಕಂತು ನೀವೇ ಕಟ್ಟಿ.