‘ಜಾಸ್ತಿ ಓಡಿಲ್ಲ ಸಾರ್!’

ಹಳೇ ಕಾರು ಮಾರುವವರ ಹತ್ತಿರ ಮೂರು ಮಂತ್ರಗಳಿರುತ್ತವೆ: ‘ಸಿಂಗಲ್ ಓನರ್’, ‘ಮನೆ ಗಾಡಿ’, ‘ಜಾಸ್ತಿ ಓಡಿಲ್ಲ’. ಮೊದಲೆರಡಕ್ಕೆ ನಾನು ಜಗ್ಗುವವನಲ್ಲ. ಮೂರನೆಯದಕ್ಕೆ ಮಾತ್ರ ಕರಗಿಹೋಗುತ್ತೇನೆ. ಮೈಸೂರಿನ ಕುವೆಂಪುನಗರದಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ 1996ರ ಮಾರುತಿ 800 ಇದೆ, ಓಡಿರುವುದು ಬರೀ 31,000 ಕಿಲೋಮೀಟರ್ ಎಂದು ತಿಳಿದ ರಾತ್ರಿ ಕೂತು ಲೆಕ್ಕ ಹಾಕಿದೆ. ದಿನಕ್ಕೆ ಮೂರು ಕಿಲೋಮೀಟರೂ ಬೀಳಲಿಲ್ಲ.

‘ಹೊಸ ಗಾಡೀನೇ ಕಣೇ’ ಅಂದೆ.

‘ಮೂವತ್ತು ವರ್ಷದ ಹೊಸದು’ ಅಂದು ಹೆಂಡತಿ ಮಗ್ಗುಲು ಬದಲಿಸಿದಳು.

ಅವಳಿಗೇನು ಗೊತ್ತು! 1983ರ ಡಿಸೆಂಬರ್‌ನಲ್ಲಿ ಇಂದಿರಾ ಗಾಂಧಿ ಮೊದಲ ಮಾರುತಿಯ ಕೀಲಿ ಕೊಟ್ಟಾಗಿನಿಂದ ಅದರ ಮೇಲೆ ಕಣ್ಣಿಟ್ಟವನು ನಾನು. 2014ರಲ್ಲಿ ಕಂಪನಿಯವರು ತಯಾರಿಕೆಯನ್ನೇ ನಿಲ್ಲಿಸಿದಾಗಲೂ ನನ್ನ ಹತ್ತಿರ ಇದ್ದದ್ದು ಸ್ಕೂಟರೇ.

ಯಾಮಾರಬಾರದೆಂದು ಯೂಟ್ಯೂಬ್ ನೋಡಿ ತಯಾರಾದೆ. ಬಾಡಿಯಲ್ಲಿ ಪಟ್ಟಿ ತುಂಬಿ ಪೇಂಟ್ ಹೊಡೆದಿದ್ದರೆ ಅಲ್ಲಿ ಅಯಸ್ಕಾಂತ ಅಂಟುವುದಿಲ್ಲವಂತೆ. ಫ್ರಿಜ್ಜಿನ ಬಾಗಿಲಿಗಿದ್ದ ಮ್ಯಾಗ್ನೆಟ್ ಮಾವಿನಹಣ್ಣನ್ನು ಕಿತ್ತುಕೊಂಡು, ಪರಿಚಯದ ಮೆಕ್ಯಾನಿಕ್ಕನ್ನೂ ಕರೆದುಕೊಂಡು ಹೋದೆ. ಬಾನೆಟ್ಟಿಗೆ ಹಣ್ಣು ಅಂಟಿತು. ಬಾಗಿಲಿಗೂ ಅಂಟಿತು. ಮುಂದುಗಡೆ ಮೂಲೆಯಲ್ಲಿ ಟಪ್ಪಂತ ಕೆಳಗೆ ಬಿತ್ತು.

‘ಇಲ್ಲಿ ಆಕ್ಸಿಡೆಂಟ್ ಆಗಿದೆ’ ಎಂದು ಪೊಲೀಸ್ ಗತ್ತಿನಲ್ಲಿ ಘೋಷಿಸಿದೆ.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, ‘ಅದು ಬಂಪರ್. ಪ್ಲಾಸ್ಟಿಕ್ಕು’ ಅಂದರು. ಆಮೇಲೆ ಅವರು ಮಾತಾಡಿದ್ದೆಲ್ಲ ಮೆಕ್ಯಾನಿಕ್ಕಿನ ಜೊತೆಗೇ.

ಹೊರಕ್ಕೆ ತಳ್ಳಲು ಹೋದರೆ ಗಾಡಿ ಅಲ್ಲಾಡಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ್ದು ಯಾವ ಕಾಲದಲ್ಲೋ, ಹಿಂದಿನ ಲೈನರ್‌ಗಳು ಡ್ರಮ್ಮಿಗೆ ಕಚ್ಚಿಕೊಂಡಿದ್ದವು. ಸುತ್ತಿಗೆಯಲ್ಲಿ ಬಡಿದು ಬಿಡಿಸಬೇಕಾಯಿತು. ಟೈರುಗಳಲ್ಲಿ ಹೊಸ ಟೈರಿನ ರಬ್ಬರ್ ಮುಳ್ಳುಗಳು ಹಾಗೇ ಇದ್ದವು. ನಾನು ಸವರಿ ಸಂತೋಷಪಡುತ್ತಿರುವಾಗ ಮೆಕ್ಯಾನಿಕ್ ಪಕ್ಕದಲ್ಲಿದ್ದ ನಾಲ್ಕಂಕಿಯ ಮೇಲೆ ಬೆರಳಿಟ್ಟ: 1107. ಅಂದರೆ 2007ನೇ ಇಸವಿಯ ಹನ್ನೊಂದನೇ ವಾರದಲ್ಲಿ ತಯಾರಾದದ್ದು. ಅವನು ಉಗುರಲ್ಲಿ ಕೆರೆದ ಕಡೆಯೆಲ್ಲ ಬಿರುಕು ಬಾಯಿಬಿಟ್ಟಿತು.

ಏರ್ ಫಿಲ್ಟರ್ ಡಬ್ಬಿ ಬಿಚ್ಚಿದಾಗ ಇಲಿಗಳ ಸಂಸಾರ ಬಯಲಾಯಿತು. ಕಡಲೆಕಾಯಿ ಸಿಪ್ಪೆ, ಸೀಟಿನ ಸ್ಪಂಜು, ನಡುವೆ ಅರಿಶಿನದ ಅಂಚಿನ ಚೂರುಕಾಗದ. ಎತ್ತಿ ನೋಡಿದರೆ ‘…ಮಿತ್ರರೊಡಗೂಡಿ ಆಗಮಿಸಿ’ ಎಂದಿತ್ತು.

‘ನಮ್ಮ ಮಗಳ ಮದುವೆ ಕಾಗದ!’ ಮೇಷ್ಟ್ರಿಗೆ ಖುಷಿಯೋ ಖುಷಿ. ‘ಆಲ್ಬಮ್ಮಿಗೆ ಹಾಕಬೇಕು ಅಂತ ಎಷ್ಟು ಹುಡುಕಿದೀನಿ!’

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಪಾಠ ಶುರುಮಾಡಿದ. ಕಾರ್ಬೊರೇಟರಿನಲ್ಲಿ ಉಳಿದ ಪೆಟ್ರೋಲ್ ಆವಿಯಾಗಿ ಅಂಟಾಗಿದೆ, ಜೆಟ್ಟುಗಳು ಮುಚ್ಚಿಹೋಗಿವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡು ವೀಲ್ ಸಿಲಿಂಡರಿಗೆ ತುಕ್ಕು ಹಿಡಿಸಿದೆ. ಪೆಟ್ರೋಲ್ ಪೈಪು ಸೆಟೆದುಕೊಂಡಿದೆ. ಈಗ ಬಂಕಿನಲ್ಲಿ ಬರುವುದು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲು, ಆ ಕಾಲದ ರಬ್ಬರಿಗೆ ಅದು ಆಗಿಬರಲ್ಲ, ಎಲ್ಲ ಬದಲಾಯಿಸಬೇಕು. ‘ಓಡ್ಸಿದ್ರೆ ಚೆನ್ನಾಗಿರೋದು ಸಾರ್. ನಿಲ್ಸಿ ನಿಲ್ಸಿ ಹಾಳ್ ಮಾಡವ್ರೆ.’ ಅವನು ಹೇಳಿದ್ದು ಕಾರಿನ ವಿಷಯ. ಆದರೆ ಬಗ್ಗಿ ಕೂತಿದ್ದ ನಾನು ಎದ್ದಾಗ ನನ್ನ ಮಂಡಿ ಲಟಕ್ಕೆಂದು ಶಬ್ದ ಮಾಡಿದ್ದರಿಂದ ಇಬ್ಬರೂ ನನ್ನ ಕಡೆ ನೋಡಿದರು.

ಕಾಗದಪತ್ರದಲ್ಲಿ ಮೇಷ್ಟ್ರು ಪಕ್ಕಾ. ಇನ್ಶೂರೆನ್ಸ್ ಇತ್ತು, ಎಮಿಷನ್ ಟೆಸ್ಟಿನ ಸರ್ಟಿಫಿಕೇಟೂ ಇತ್ತು. ಗಾಡಿ ಸ್ಟಾರ್ಟೇ ಆಗದಿದ್ದರೂ ಹೊಗೆ ತಪಾಸಣೆಯಲ್ಲಿ ಪಾಸಾದದ್ದು ಹೇಗೆಂದು ನಾನು ಕೇಳಲಿಲ್ಲ. ಆರ್‌ಸಿ ಮಾತ್ರ 2026ಕ್ಕೆ ಮುಗಿಯುತ್ತದೆ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಲ್ಲ, ಅದರ ಶುಲ್ಕ ಒಂದು ಕಾಲಕ್ಕೆ 600 ರೂಪಾಯಿ. 2022ರಲ್ಲಿ 5,000 ಆಯಿತು. ಇಪ್ಪತ್ತು ದಾಟಿದ ಕಾರಿಗೆ ಈಗ 10,000. ಮೇಲೆ ಎಫ್‌ಸಿ, ಹಸಿರು ತೆರಿಗೆ. ಮೇಷ್ಟ್ರು ಹೇಳಿದ ರೇಟು 45,000. ರಿಪೇರಿ ಕೂಡಿಸಿದರೆ ಗಾಡಿಗಿಂತ ಗಾಡಿಯ ಸಾಮಾನೇ ದುಬಾರಿ.

ಬೇಡವೆನ್ನಲು ನಾಲಗೆ ಏಳಲಿಲ್ಲ. ಹೇಡಿಗಳೆಲ್ಲ ಹೇಳುವಂತೆ ‘ಯೋಚನೆ ಮಾಡಿ ಹೇಳ್ತೀನಿ’ ಅಂದೆ.

‘ನಿಧಾನವಾಗಿ ಮಾಡಿ. ಅಲ್ಲೀವರೆಗೂ ಭಾನುವಾರ ಭಾನುವಾರ ಬಂದು ಒಂದು ರೌಂಡ್ ಓಡಿಸಿ. ಓಡಿಸದೆ ನಿರ್ಧಾರ ಮಾಡೋದು ಹೇಗೆ?’

ನ್ಯಾಯವೆನಿಸಿತು. ಓಡಿಸಲು ಬ್ಯಾಟರಿ ಬೇಕಿತ್ತು, ತಂದೆ. ನಿಲ್ಲಿಸಲು ಬ್ರೇಕ್ ಬೇಕಿತ್ತು, ಹಾಕಿಸಿದೆ. ಪ್ರಾಣಭಯಕ್ಕೆ ನಾಲ್ಕು ಟೈರು. ಈಗ ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಮುತ್ತ ನಾನು ಓಡಿಸುತ್ತೇನೆ. ಎಡಸೀಟಿನಲ್ಲಿ ಮೇಷ್ಟ್ರು ‘ಸೆಕೆಂಡಿಗೆ ಹಾಕಿ, ಸೆಕೆಂಡಿಗೆ’ ಎನ್ನುತ್ತಿರುತ್ತಾರೆ. ವಾಕಿಂಗಿನವರು ನನ್ನನ್ನು ಅವರ ಡ್ರೈವರ್ ಅಂದುಕೊಂಡಿದ್ದಾರೆ.

ಕಳೆದ ವಾರ ಧೈರ್ಯ ಮಾಡಿ ‘ಮೂವತ್ತೈದಕ್ಕೆ ಮುಗಿಸೋಣವಾ?’ ಎಂದು ಕೇಳಿದೆ.

‘ಛೆ, ಛೆ’ ಅಂದರು ಮೇಷ್ಟ್ರು. ‘ನಲವತ್ತೈದು ಅಂದಿದ್ದು ನಿಂತ ಗಾಡಿಗೆ. ಈಗ ರನ್ನಿಂಗ್ ಕಂಡೀಷನ್ನು, ಹೊಸಾ ಟೈರು. ಎಪ್ಪತ್ತಕ್ಕೆ ಕಮ್ಮಿ ಕೊಡೋಕಾಗಲ್ಲ.’