ಗುರುವಾರ ವೆಲೆನ್ಸಿಯಾದಲ್ಲಿರಿ

ಅಲ್ಲಾ ಅಕ್ಕಾ, ಮಗಳು-ಅಳಿಯ ಸ್ಪೇನಿಗೆ ಕರ್ಕೊಂಡು ಹೋಗ್ತಾರೆ ಅಂದ್ರಲ್ಲ, ವೆಲೆನ್ಸಿಯಾಕ್ಕೆ ಬರೀ ಅರ್ಧ ದಿನ ಇಟ್ಟಿದ್ದಾರಂತೆ? ಸಾಲದು. ಬಾರ್ಸಿಲೋನಾದಲ್ಲಿ ಒಂದು ದಿನ ಕಡಿಮೆ ಮಾಡ್ಲಿ. ಅದೂ ಗುರುವಾರವೇ ಅಲ್ಲಿರೋ ಹಾಗೆ ನೋಡ್ಕೊಳ್ಳಿ.

ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿನ ದೊಡ್ಡ ಚರ್ಚಿನ ಬಾಗಿಲ ಮುಂದೆ ನೀರಿನ ಪಂಚಾಯ್ತಿ ಕೂರುತ್ತೆ. ತೂರಿಯಾ ನದಿಯ ನೀರು ಎಂಟು ಕಾಲುವೆಗಳಲ್ಲಿ ಹೊಲಗಳಿಗೆ ಹೋಗುತ್ತೆ. ಒಂದೊಂದು ಕಾಲುವೆಯ ರೈತರೂ ತಮ್ಮಲ್ಲೇ ಒಬ್ಬರನ್ನ ಆರಿಸಿ ಕಳಿಸ್ತಾರೆ. ಆ ಎಂಟು ಜನ ಕಪ್ಪು ಅಂಗಿ ತೊಟ್ಟು ಕೂತ ಮೇಲೆ ಜವಾನ ಒಂದೊಂದೇ ಕಾಲುವೆಯ ಹೆಸರು ಕೂಗಿ ದೂರು ಉಂಟಾ ಅಂತ ಕೇಳ್ತಾನೆ. ಪಾಳಿ ತಪ್ಪಿಸಿ ನೀರು ಬಿಟ್ಕೊಂಡವನು, ಕಾಲುವೆ ಹೂಳು ತೆಗೆಯದವನು, ಪಕ್ಕದವನ ಹೊಲಕ್ಕೆ ನೀರು ನುಗ್ಗಿಸಿದವನು, ಇಂಥವರ ಮೇಲೆ. ವಕೀಲರಿಲ್ಲ, ವಿಚಾರಣೆಯೆಲ್ಲ ಬಾಯಿಮಾತಲ್ಲೇ. ತನ್ನ ಕಾಲುವೆಯ ವ್ಯಾಜ್ಯ ಬಂದಾಗ ಆ ಪ್ರತಿನಿಧಿ ತೀರ್ಪಿಗೆ ಸೇರೋ ಹಾಗಿಲ್ಲ. ಮೇಲ್ಮನವಿಯೂ ಇಲ್ಲ. ಅರಬರ ಕಾಲದಿಂದ ಬಂದದ್ದು ಅಂತಾರೆ. 1238ರಲ್ಲಿ ಜೇಮ್ಸ್ ದೊರೆ ಊರು ಗೆದ್ದಾಗಲೂ ನೀರಿನ ಹಳೇ ಕಟ್ಟಳೆಯನ್ನ ಹಾಗೇ ಉಳಿಸಿದ.

ಎಷ್ಟೋ ವಾರ ದೂರೇ ಇರಲ್ಲ, ಕೆಲವೇ ನಿಮಿಷಕ್ಕೆ ಎದ್ದುಬಿಡ್ತಾರೆ. ನಾವು ಹೋದಾಗಲೂ ಹಾಗೇ ಆಯ್ತು. ಜೊತೇಲಿದ್ದವರು ಇಷ್ಟೇನಾ ಅಂದ್ರು. ನನಗೆ ಕಣ್ಣು ತುಂಬ್ತು ಅಕ್ಕಾ. ಜಗಳ ಇಲ್ಲದಿದ್ರೂ ಬಂದು ಕೂತು, ಎಂಟೂ ಹೆಸರು ಕೂಗಿ, ಯಾರಿಗೂ ಅನ್ಯಾಯ ಆಗಿಲ್ಲ ಅಂತ ಊರೆದುರಿಗೆ ಖಾತ್ರಿ ಮಾಡ್ಕೊಂಡು ಹೋಗ್ತಾರಲ್ಲ! 2009ರಲ್ಲಿ ಯುನೆಸ್ಕೋದವರು ಇದನ್ನ ಪರಂಪರೆ ಪಟ್ಟಿಗೆ ಸೇರಿಸಿದ್ರು.

ನದಿ ಮಾತ್ರ ಈಗ ಊರೊಳಗೆ ಹರಿಯಲ್ಲ. 1957ರ ಅಕ್ಟೋಬರಿನ ಪ್ರವಾಹ ಊರು ಮುಳುಗಿಸಿದ ಮೇಲೆ ದಕ್ಷಿಣಕ್ಕೆ ಹೊಸ ಪಾತ್ರ ತೋಡಿ ತಿರುಗಿಸಿದ್ರು. ಖಾಲಿಯಾದ ಪಾತ್ರದಲ್ಲಿ ಹೆದ್ದಾರಿ ಹಾಕ್ತೀವಿ ಅಂದಾಗ ಜನ ಬಿಡಲಿಲ್ಲ, ಹಸಿರೇ ಬೇಕು ಅಂತ ಹಟ ಹಿಡಿದ್ರು. ಈಗ ಅಲ್ಲಿ ಸುಮಾರು 9 ಕಿಲೋಮೀಟರ್ ತೋಟ, ಹಳೇ ಸೇತುವೆಗಳ ಕೆಳಗೇ ನಡೀಬಹುದು. 2024ರ ಅಕ್ಟೋಬರಿನ ಮಳೇಲಿ ಹೊಸ ಪಾತ್ರ ನಡು ಊರನ್ನ ಕಾಪಾಡ್ತು. ಅದರಾಚೆಯ ಊರುಗಳು ಕೊಚ್ಚಿಹೋದವು. ಆ ಪ್ರಾಂತ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ತೋಟ ಚೆನ್ನಾಗಿದೆ ಅನ್ನುವಾಗ ಅವರನ್ನೂ ನೆನೀಬೇಕು.

ರೇಷ್ಮೆ ವ್ಯಾಪಾರಿಗಳ ಹಳೇ ಮಂಟಪಕ್ಕೂ ಹೋಗಿ, ಹುರಿ ಹೊಸೆದ ಹಾಗಿರೋ ಕಲ್ಲಿನ ಕಂಬಗಳು. ಆಮೇಲೆ ಊರ ದಕ್ಷಿಣಕ್ಕೆ ಆಲ್ಬುಫೇರಾ ಸರೋವರ, ಸುತ್ತಲೂ ಭತ್ತದ ಗದ್ದೆ. ಪಾಯೆಯಾ ಹುಟ್ಟಿದ್ದು ಆ ಕಡೆಯೇ. ಅಗಲ ಬಾಣಲೆಯಲ್ಲಿ ಅಕ್ಕಿ, ಕೋಳಿ, ಮೊಲ, ಹುರುಳಿಕಾಯಿ, ಕೇಸರಿ. ತಳದ ಗರಿಗರಿ ಪದರಕ್ಕೇ ಎಲ್ಲರೂ ಕಾಯ್ತಾರೆ. ಮಧ್ಯಾಹ್ನದ ಊಟ ಅದು. ನೀವು ಮಾಂಸ ತಿನ್ನಲ್ಲ, ತರಕಾರಿಯದ್ದೂ ಸಿಗುತ್ತೆ, ಆದ್ರೆ ಯಾವ ರಸದಲ್ಲಿ ಬೇಯಿಸಿದ್ದು ಅಂತ ವಿಚಾರಿಸಿ.

ಓರ್ಚಾತಾ ಅಂತ ಒಂದು ಪಾನಕ ಇದೆ, ಅದನ್ನ ಧೈರ್ಯವಾಗಿ ಕುಡೀರಿ. ನಮ್ಮ ಕೊನ್ನಾರಿ ಗಡ್ಡೆಯ ಜಾತಿಯದ್ದೇ ಒಂದು ಸಣ್ಣ ಗಡ್ಡೆ ನೆನೆಸಿ, ರುಬ್ಬಿ, ಹಿಂಡಿ, ಸಕ್ಕರೆ ಹಾಕ್ತಾರೆ. ನೋಡೋಕೆ ಹಾಲು, ಹನಿ ಹಾಲೂ ಇರಲ್ಲ. ಪಕ್ಕದ ಆಲ್ಬೊರಾಯಾದಲ್ಲಿ ಆ ಗಡ್ಡೆ ಬೆಳೆಯೋ ಹೊಲಗಳಿವೆ, ಮೆಟ್ರೋದಲ್ಲೇ ಹೋಗಿ ಬರಬಹುದು.